ಬಾಡಿಗೆಗೆ ಸಿಗುವ ಏಷ್ಯಾ

ನನ್ನ ಅಕ್ಕನ ಮಗಳಿಗೆ ಕಳೆದ ವರ್ಷ ಉಜ್ಬೇಕಿಸ್ತಾನ ಬಂತು. ಜ್ವರ ಬಂದ ಹಾಗೆ ಬಂತು ಎಂದರೂ ತಪ್ಪಾಗಲಾರದು. ಮುಂದಿನ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆ ಇರಲಿಲ್ಲ. ಬೆಂಗಳೂರಿನಲ್ಲಿ ಅವಳು ಓದುವ ಶಾಲೆಯವರು ಮಕ್ಕಳಿಗೆ ಏಷ್ಯಾದ ಸಂಸ್ಕೃತಿ ಮತ್ತು ಇತಿಹಾಸವನ್ನು ಪರಿಚಯಿಸಬೇಕೆಂಬ ಸದುದ್ದೇಶದಿಂದ ‘ಏಷ್ಯಾ ದಿನ’ವನ್ನು ಹಮ್ಮಿಕೊಂಡು, ಹಾಜರಿ ಪುಸ್ತಕದ ಕ್ರಮಸಂಖ್ಯೆಗೆ ಅನುಗುಣವಾಗಿ ತಲೆಗೊಂದು ದೇಶವನ್ನು ಹಂಚಿಬಿಟ್ಟಿದ್ದರು. ಜಪಾನ್ ಸಿಕ್ಕಿದ ಮಗುವಿನ ತಾಯಿಯನ್ನು ಉಳಿದ ತಾಯಂದಿರು ವಾಟ್ಸ್ಆ್ಯಪ್ ಗುಂಪಿನಲ್ಲಿ ಅಭಿನಂದಿಸಿದರು. ತುರ್ಕ್‌ಮೆನಿಸ್ತಾನ ಸಿಕ್ಕಿದವರು ಅದಲುಬದಲಿಗೆ ಯಾರಾದರೂ ಒಪ್ಪುವರೇ ಎಂದು ವಿಚಾರಿಸಿ, ಯಾರೂ ಉತ್ತರಿಸದಿದ್ದಾಗ ಸುಮ್ಮನಾದರು. ಒಂದು ದೇಶಕ್ಕೆ ವೇದಿಕೆಯ ಮೇಲೆ ನಿಗದಿಯಾಗಿದ್ದ ಸಮಯ ಒಂದೂವರೆ ನಿಮಿಷ. ಸಾವಿರಾರು ವರ್ಷಗಳ ಚರಿತ್ರೆಯ ಚೀನಾಕ್ಕೂ ಅಷ್ಟೇ, 2002ರಲ್ಲಿ ಸ್ವತಂತ್ರವಾದ ಪೂರ್ವ ತಿಮೋರಿಗೂ ಅಷ್ಟೇ. ಈ ಒಂದು ವಿಷಯದಲ್ಲಿ ಶಾಲೆಯವರನ್ನು ಪಕ್ಷಪಾತಿಗಳೆಂದು ದೂರುವಂತಿರಲಿಲ್ಲ.

ವೇಷದ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ನಾಟಕದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಕ್ಕೆ ಹೋಗಿ ಉಜ್ಬೇಕಿಸ್ತಾನ ಇದೆಯೇ ಎಂದು ಕೇಳಿದೆ. ಅಂಗಡಿಯ ಯಜಮಾನರು ಸ್ವಲ್ಪವೂ ವಿಚಲಿತರಾಗದೆ, “ಚೀನಾ ಇದೆ, ಜಪಾನ್ ಇದೆ, ಕೊರಿಯಾ ಇದೆ. ಮೂರೂ ಒಂದೇ ಡ್ರೆಸ್ಸು ಸರ್, ಸೊಂಟದ ಪಟ್ಟಿ ಮಾತ್ರ ಬೇರೆ. ‘ಸ್ತಾನ್’ ಅಂತ ಬರೋದಕ್ಕೆಲ್ಲ ಇದು,” ಎಂದು ಹಸಿರು ಜರಿಯ ಅನಾರ್ಕಲಿಯೊಂದನ್ನು ಹ್ಯಾಂಗರಿನಿಂದ ಇಳಿಸಿದರು. ಅದರ ಕಂಕುಳಿನ ಹತ್ತಿರ ಹಿಂದಿನ ಬಾಡಿಗೆಯ ಬೆವರಿನ ಕಲೆ ಇನ್ನೂ ಆರಿರಲಿಲ್ಲ, ಕಾಲರಿನಲ್ಲಿ ‘ಜೋಧಾಬಾಯಿ’ ಎಂದು ಬರೆದ ಚೀಟಿ ಪಿನ್ನಿನಲ್ಲಿ ಸಿಕ್ಕಿಕೊಂಡಿತ್ತು. ತಲೆಗೊಂದು ಗೊಂಡೆಯ ಟೋಪಿ ಇಟ್ಟರೆ ಉಜ್ಬೇಕಿಸ್ತಾನ, ತೆಗೆದರೆ ತಜಕಿಸ್ತಾನ ಎಂದು ಅವರು ವಿವರಿಸಿದಾಗ, ಮಧ್ಯ ಏಷ್ಯಾದ ಗಡಿಗಳನ್ನು 1920ರ ದಶಕದಲ್ಲಿ ಎಳೆದ ಸೋವಿಯತ್ ಅಧಿಕಾರಿಗಳೂ ಇಷ್ಟು ಸಲೀಸಾಗಿ ಕೆಲಸ ಮುಗಿಸಿರಲಾರರು ಎನ್ನಿಸಿತು.

ಉಡುಪಾಯಿತು, ಇನ್ನು ಉಳಿದದ್ದು ಮಾತು. ಬಾಬರನು 1483ರಲ್ಲಿ ಹುಟ್ಟಿದ ಅಂದಿಜಾನ್ ಇಂದಿನ ಉಜ್ಬೇಕಿಸ್ತಾನದಲ್ಲಿದೆ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1966ರ ಜನವರಿಯಲ್ಲಿ ತೀರಿಕೊಂಡದ್ದು ಅದರ ರಾಜಧಾನಿ ತಾಷ್ಕೆಂಟಿನಲ್ಲಿ ಎಂದು ಎರಡು ವಾಕ್ಯ ಬರೆದುಕೊಟ್ಟೆ. ಮರುದಿನ ಮಿಸ್ ಅವರಿಂದ ಫೋನ್ ಬಂತು. “ಸರ್, ಬಾಬರ್ ಬೇಡ, ಕೆಲವು ಪೇರೆಂಟ್ಸ್ ಬೇಜಾರು ಮಾಡ್ಕೋತಾರೆ. ತೈಮೂರ್ ಅಂತೂ ಬೇಡವೇ ಬೇಡ. ಶಾಸ್ತ್ರಿಯವರ ವಿಷಯ ಸ್ವಲ್ಪ ದುಃಖದ್ದು, ಫಂಕ್ಷನ್ನಿಗೆ ಸರಿಹೋಗಲ್ಲ. ಸಮೋಸಾ ಆ ಕಡೆಯಿಂದಾನೇ ಬಂದಿದ್ದಂತೆ, ಅದರ ಬಗ್ಗೆ ಹೇಳಿಸಿ.” ಹೀಗೆ ಒಂದು ದೇಶದ ಇತಿಹಾಸದಿಂದ ಹುಟ್ಟನ್ನೂ ಸಾವನ್ನೂ ಕಳೆದ ಮೇಲೆ, ನಡುವೆ ಉಳಿದದ್ದು ಆಲೂಗಡ್ಡೆಯ ಪಲ್ಯ.

ಮಿಸ್ ಅವರನ್ನು ದೂಷಿಸಿ ಪ್ರಯೋಜನವಿಲ್ಲ, ಏಕೆಂದರೆ ಅವರೂ ನಾನೂ ಓದಿದ್ದು ಒಂದೇ ಬಗೆಯ ಪುಸ್ತಕಗಳನ್ನು. ನಮ್ಮ ಪಾಠಗಳಲ್ಲಿ ಏಷ್ಯಾದವರು ಎರಡೇ ಕೆಲಸಕ್ಕೆ ಬರುತ್ತಾರೆ: ಯುರೋಪಿನವರಿಗೆ ಬಾಗಿಲು ಮುಚ್ಚುವುದಕ್ಕೆ ಮತ್ತು ನಮಗೆ ಪ್ರಶಸ್ತಿಪತ್ರ ಕೊಡುವುದಕ್ಕೆ. ಆಟೋಮನ್ ತುರ್ಕರು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು ಎಂಬ ವಾಕ್ಯವನ್ನು ನಿದ್ದೆಯಲ್ಲಿ ತಟ್ಟಿ ಎಬ್ಬಿಸಿದರೂ ಹತ್ತನೆಯ ತರಗತಿಯ ಮಗು ಒಪ್ಪಿಸುತ್ತದೆ. ಆ ತುರ್ಕರು ಬಾಗಿಲು ಮುಚ್ಚಿದ ಮೇಲೆ ಏನು ಮಾಡಿದರು, ಊಟವನ್ನಾದರೂ ಮಾಡಿದರೇ ಎಂದು ಕೇಳಿದರೆ ಅದು ಪಠ್ಯಕ್ರಮದಲ್ಲಿಲ್ಲ. 1498ರಲ್ಲಿ ಕೆಲವೇ ಹಡಗುಗಳೊಡನೆ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮ ‘ಜಲಮಾರ್ಗವನ್ನು ಕಂಡುಹಿಡಿದನು’. ಅದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲು ಚೀನಾದ ಝೆಂಗ್ ಹೆ ಎಂಬಾತ ಸಾವಿರಾರು ಜನರ ನೌಕಾಪಡೆಯೊಡನೆ ಅದೇ ಕಲ್ಲಿಕೋಟೆಗೆ ಬಂದು, ವ್ಯಾಪಾರ ಮುಗಿಸಿ, ಮತ್ತೆ ಮತ್ತೆ ಬಂದು ಹೋಗಿದ್ದ. ಆದರೆ ಆತ ಏನನ್ನೂ ‘ಕಂಡುಹಿಡಿಯಲಿಲ್ಲ’ವಾದ್ದರಿಂದ ಅಂಕಗಳಿಲ್ಲ.

ಪ್ರಶಸ್ತಿಪತ್ರದ ವಿಭಾಗದಲ್ಲಿ ಹ್ಯೂಯೆನ್ ತ್ಸಾಂಗ್ ಮೊದಲಿಗ. ಹದಿನಾರು ವರ್ಷ ಅಲೆದು, 657 ಗ್ರಂಥಗಳನ್ನು ಹೊತ್ತು ತಾಯ್ನಾಡಿಗೆ ಮರಳಿ, ಉಳಿದ ಆಯುಷ್ಯವನ್ನು ಅನುವಾದದಲ್ಲಿ ಸವೆಸಿದ ಈ ಸನ್ಯಾಸಿ, ನಮ್ಮ ಮಕ್ಕಳ ಪಾಲಿಗೆ ಇಮ್ಮಡಿ ಪುಲಿಕೇಶಿಯನ್ನು ಹೊಗಳಲೆಂದೇ ಚೀನಾದಿಂದ ನಡೆದು ಬಂದವನು. ಎರಡನೆಯವನು 1443ರಲ್ಲಿ ಮಂಗಳೂರಿನ ಮೂಲಕ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್. ಇಂಥ ನಗರವನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಎಂದು ಆತ ಬರೆದದ್ದು ನಮಗೆಲ್ಲ ಬಾಯಿಪಾಠ. ಆದರೆ ಹೀಗೆ ಮೆಚ್ಚಿಕೊಂಡವನ ಕಣ್ಣು ಅದಕ್ಕೂ ಮೊದಲು ಏನೇನು ಕಂಡಿತ್ತು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಆತ ಹೆರಾತ್ ನಗರದವನು. ಅವನನ್ನು ಕಳುಹಿಸಿದ ಶಾರುಖ್ ತೈಮೂರನ ಮಗ. ಶಾರುಖನ ಮಗ ಉಲುಗ್ ಬೇಗ್ ಅದೇ ಕಾಲದಲ್ಲಿ ಸಮರ್ಕಂದಿನಲ್ಲಿ ವೀಕ್ಷಣಾಲಯ ಕಟ್ಟಿಸಿ, ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ಅಳೆಸಿ ಪಟ್ಟಿ ಮಾಡಿಸಿದ್ದ. ಅಂದರೆ ಸಮರ್ಕಂದಿನಲ್ಲಿ ಮಗ ಚುಕ್ಕಿ ಎಣಿಸುತ್ತಿರುವಾಗ, ಹೆರಾತಿನಲ್ಲಿ ಕುಳಿತ ಅಪ್ಪ ಕಲ್ಲಿಕೋಟೆಗೆ ಅಟ್ಟಿದ್ದ ದೂತ ಅಲ್ಲಿಂದ ನಮ್ಮ ಹಂಪಿಗೆ ಬಂದಿದ್ದ. ಸಮರ್ಕಂದ್ ಇರುವುದು ಉಜ್ಬೇಕಿಸ್ತಾನದಲ್ಲಿ. ನನ್ನ ಅಕ್ಕನ ಮಗಳ ಒಂದೂವರೆ ನಿಮಿಷಕ್ಕೆ ಬೇಕಾದದ್ದೆಲ್ಲ ಇಲ್ಲಿತ್ತು. ಆದರೆ ತೈಮೂರನ ಹೆಸರೆತ್ತದೆ ಅವನ ಮೊಮ್ಮಗನನ್ನು ವೇದಿಕೆಗೆ ತರುವ ಉಪಾಯ ನನಗೆ ಹೊಳೆಯಲಿಲ್ಲ, ಸಮೋಸಾ ಗೆದ್ದಿತು.

ಕಾರ್ಯಕ್ರಮದ ದಿನ ಅಂಗಳದಲ್ಲಿ ‘ಏಷ್ಯಾದ ರುಚಿ’ ಎಂಬ ಮಳಿಗೆ ಇತ್ತು. ಅಲ್ಲಿ ಸಿಗುತ್ತಿದ್ದುದು ಗೋಬಿ ಮಂಚೂರಿ. ಮುಂಬಯಿಯ ಅಡುಗೆಮನೆಯೊಂದರಲ್ಲಿ 1970ರ ದಶಕದಲ್ಲಿ ಕೋಳಿಯೊಡನೆ ಹುಟ್ಟಿ, ಆಮೇಲೆ ಹೂಕೋಸಿಗೆ ಇಳಿದು ಸಸ್ಯಾಹಾರಿಯಾದ ತಿನಿಸು ಇದು. 1644ರಿಂದ 1912ರವರೆಗೆ ಚೀನಾವನ್ನೇ ಆಳಿದ ಮಂಚೂ ಜನಕ್ಕೆ ನಮ್ಮ ಪಾಠದೊಳಗೆ ಬರಲು ಸಾಧ್ಯವಾಗಲಿಲ್ಲ, ತಟ್ಟೆಗೆ ಮಾತ್ರ ಬಂದರು. ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತ್ತಾದ್ದರಿಂದ ಅಂದಿನ ಏಷ್ಯಾ ಕೊಂಚ ಮಾಸಲಾಗಿ ಕಾಣುತ್ತಿತ್ತು.

ಏಷ್ಯಾ ದಿನದ ಮುಂದುವರಿಕೆಯಾಗಿ ಬೈಲಕುಪ್ಪೆಗೆ ಒಂದು ದಿನದ ಪ್ರವಾಸ ಏರ್ಪಾಡಾಯಿತು. ಮಕ್ಕಳನ್ನು ಎಣಿಸಲು ದೊಡ್ಡವರು ಬೇಕೆಂದು ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡರು. ಕೊಡಗಿನ ಪ್ಯಾಕೇಜಿನೊಳಗೆ ದುಬಾರೆ, ಅಬ್ಬಿ ಜಲಪಾತಗಳ ನಡುವೆ ಸೇರಿಕೊಂಡಿರುವುದರಿಂದ ಬೈಲಕುಪ್ಪೆಯೂ ಕೊಡಗಿನಲ್ಲೇ ಇದೆಯೆಂದು ಬಸ್ಸಿನಲ್ಲಿದ್ದವರೆಲ್ಲ ನಂಬಿದ್ದರು. ಅದು ಮೈಸೂರು ಜಿಲ್ಲೆಯದು. 1959ರಲ್ಲಿ ದಲೈ ಲಾಮಾ ಟಿಬೆಟ್ ತೊರೆದು ಬಂದ ಮೇಲೆ, ಅವರ ಹಿಂದೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಕಾಡುನೆಲವನ್ನು ಕೊಟ್ಟಿತು. ಅದನ್ನು ಕಡಿದು ಹದಮಾಡಿ ಅವರು ಮುಸುಕಿನ ಜೋಳ ಬೆಳೆದರು. ಲಾಸಾದ ಹತ್ತಿರ 1416ರಲ್ಲಿ, ಎಂದರೆ ಅಬ್ದುಲ್ ರಜಾಕ್ ಹಂಪಿಗೆ ಬರುವುದಕ್ಕೂ ಮೊದಲೇ, ಸ್ಥಾಪನೆಯಾಗಿದ್ದ ಡ್ರೆಪುಂಗ್ ವಿಹಾರ ಈಗ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಪಾಠ ನಡೆಸುತ್ತಿದೆ. ಚಳಿಗಾಲದಲ್ಲಿ ನಮ್ಮ ಊರೂರಿನ ರಸ್ತೆಬದಿಯಲ್ಲಿ ಸ್ವೆಟರ್ ಮಾರುವವರು ಇವರ ಮನೆಯವರೇ. ಈ ಅರವತ್ತು ವರ್ಷಗಳಲ್ಲಿ ನಾವು ಅವರೊಡನೆ ನಡೆಸಿರುವ ಸಾಂಸ್ಕೃತಿಕ ಸಂವಾದವೆಂದರೆ ಮುನ್ನೂರರ ಸ್ವೆಟರನ್ನು ಇನ್ನೂರಕ್ಕೆ ಕೇಳಿದ್ದು.

ಸ್ವರ್ಣ ಮಂದಿರದೊಳಗೆ ನಡುವೆ ಬುದ್ಧ, ಅಕ್ಕಪಕ್ಕದಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್ಸರ ಮೂರ್ತಿಗಳಿದ್ದವು. ಮಕ್ಕಳು ಮೂವರಿಗೂ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಂಡರು. ಎಲ್ಲರ ಕೈಯಲ್ಲೂ ಒಂದು ಹಾಳೆ ಇತ್ತು: ‘ನೀವು ನೋಡಿದ ಸಂಸ್ಕೃತಿ ಯಾವ ದೇಶದ್ದು? ಗುರುತು ಹಾಕಿ.’ ಕೆಳಗೆ ನಾಲ್ಕು ಚೌಕಗಳು: ಚೀನಾ, ಜಪಾನ್, ಕೊರಿಯಾ, ಥಾಯ್ಲೆಂಡ್. ಮಿಸ್ ಹಾಳೆಯನ್ನೊಮ್ಮೆ, ಮೂರ್ತಿಗಳನ್ನೊಮ್ಮೆ ನೋಡಿ, ಕಂಬದ ಬಳಿ ದೀಪದ ಬಟ್ಟಲುಗಳನ್ನು ಒರೆಸುತ್ತಿದ್ದ ತರುಣ ಭಿಕ್ಷುವನ್ನು ಸಮೀಪಿಸಿದರು. ಕಿವಿ ಮಂದವಿರುವವರೊಡನೆ ಮಾತಾಡುವಂತೆ ಧ್ವನಿಯೇರಿಸಿ, “ಆಪ್... ಚೀನಾ ಸೇ?” ಎಂದರು.

ಆತ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, “ಇಲ್ಲ ಮೇಡಂ, ನಾನು ಇಲ್ಲಿಯವನೇ. ಪಿರಿಯಾಪಟ್ಟಣ ತಾಲ್ಲೂಕು. ನಿಮ್ಮದು ಯಾವೂರು?” ಎಂದು ಕೇಳಿದ.

ಮಿಸ್ ಒಂದು ಕ್ಷಣ ತಡೆದು, ಮಕ್ಕಳ ಕಡೆ ತಿರುಗಿ, ಚೀನಾಕ್ಕೆ ಗುರುತು ಹಾಕುವಂತೆ ಹೇಳಿದರು. ನನ್ನ ಅಕ್ಕನ ಮಗಳು ಮಾತ್ರ ನಾಲ್ಕೂ ಚೌಕಗಳನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ದುಂಡಗೆ ‘ಪಿರಿಯಾಪಟ್ಟಣ’ ಎಂದು ಬರೆದಳು. ಹಾಳೆ ಮುಂದಿನ ಸೋಮವಾರ ಮನೆಗೆ ವಾಪಸು ಬಂತು. ಉತ್ತರದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಇತ್ತು, ಅರ್ಧ ಅಂಕ ಹೋಗಿತ್ತು.