ಎಳೆಯುತ್ತೆ ಸ್ವಾಮಿ, ನಿಲ್ಲಿಸೋರು ಯಾರು?

ಅಮೆರಿಕದ ಮಿನೆಸೋಟದಲ್ಲಿರೋ ಮಿನೆಟೋಂಕಾ ಸರೋವರದಲ್ಲಿ ದೋಣಿ ಇಳಿಸೋ ಇಳಿಜಾರು, ಅಂದರೆ ಬೋಟ್ ರ‍್ಯಾಂಪಿನಿಂದ ಈಗಷ್ಟೇ ಬಂದೆ. ತಲೆ ಬಿಸಿಯಾಗಿದೆ, ಓದೋರು ಸಹಿಸಿಕೊಳ್ಳಿ. ಫೋರ್ಡಿನ ಹೊಸಾ ಪುಟ್ಟ ಮೇವರಿಕ್ ಪಿಕಪ್ಪು, ಹಿಂದೆ ಹದಿನಾರಡಿ ಅಲ್ಯೂಮಿನಿಯಂ ದೋಣಿ. ಮುಂದಿನ ಚಕ್ರ ಒದ್ದೆ ಕಾಂಕ್ರೀಟಿನ ಮೇಲೆ ಗಿರ್ರನೆ ತಿರುಗುತ್ತಿದೆ, ಗಾಡಿ ಜಪ್ಪಯ್ಯ ಅಂದ್ರೂ ಮೇಲೆ ಬರಲ್ಲ. ಇಳಿದವರು ನಮ್ಮವರೇ. "2,000 ಪೌಂಡ್ ಎಳೆಯುತ್ತೆ ಅಂತ ಬರ್ದಿದಾರಲ್ಲ ಸಾರ್!"

ಬರ್ದಿದಾರೆ. ಟೋ ಪ್ಯಾಕೇಜ್ (ಎಳೆಯೋಕಂತ ಹೆಚ್ಚುವರಿ ಸಜ್ಜು) ಹಾಕಿಸಿದ್ರೆ 4,000 ಅಂತಲೂ ಬರ್ದಿದಾರೆ, ಅದನ್ನು ಹಾಕಿಸಿಲ್ಲ. ಇರಲಿ, ದೋಣಿಯ ಲೆಕ್ಕ ಮಾಡೋಣ. ಬ್ರೋಷರಿನ 900 ಪೌಂಡ್ ಬರೀ ಖಾಲಿ ತೊಟ್ಟಿಯ ತೂಕ. 60 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಹತ್ತಿರ ಹತ್ತಿರ 250. ಹನ್ನೆರಡು ಗ್ಯಾಲನ್ ಪೆಟ್ರೋಲ್ 70ರ ಮೇಲೆ. ಬ್ಯಾಟರಿ ಮೂರು, 150. ಟ್ರೇಲರ್ 500. ಐಸ್ ಪೆಟ್ಟಿಗೆ, ಲಂಗರು, ಗಾಳದ ಸಾಮಾನು ಇನ್ನೊಂದು 150. ಕೂಡಿ ನೋಡಿ, ದಾಟಿಯಾಯ್ತು!

ಅದಕ್ಕಿಂತ ದೊಡ್ಡದು ಟಂಗ್ ವೇಟ್, ಅಂದರೆ ಹಿಚ್ ಚೆಂಡಿನ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಗುಂಡು) ಮೇಲೆ ಕೂರುವ ಭಾರ. ಒಟ್ಟು ತೂಕದ ಶೇ. 10ರಷ್ಟು ಇರಬೇಕು, ಇಲ್ಲಿ ಸುಮಾರು 200 ಪೌಂಡ್. ಅದು ಡ್ರೈವರ್ ಬಾಗಿಲ ಸ್ಟಿಕ್ಕರಿನಲ್ಲಿರೋ, ಗಾಡಿ ಮೈಮೇಲೆ ಹೊರಬಲ್ಲ ಭಾರವಾದ ಪೇಲೋಡ್‌ನಿಂದಲೇ ಕಳೆಯುತ್ತೆ. ನೀವು, ಹೆಂಡತಿ, ಮಕ್ಕಳು, ಚಿತ್ರಾನ್ನದ ಡಬ್ಬಿ ಎಲ್ಲವೂ ಅದರಲ್ಲೇ. ಭಾರ ಜಾಸ್ತಿಯಾದ್ರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತೆ, ಫ್ರಂಟ್ ವೀಲ್ ಡ್ರೈವ್ ಗಾಡಿ ರ‍್ಯಾಂಪಿನಲ್ಲಿ ಜಾರೋದು ಅದಕ್ಕೇ. ಕಮ್ಮಿಯಾದ್ರೆ ಇನ್ನೂ ಕೆಟ್ಟದ್ದು: ಹೈವೇನಲ್ಲಿ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು. ಆಗ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಔಟ್‌ಬೋರ್ಡ್ ಹೇಗೂ ಹಿಂದೇ ತೂಗುತ್ತೆ, ಆದ್ದರಿಂದ ದೋಣಿಯ ಮೂತಿ ಟ್ರೇಲರ್ ಮುಂದಿನ ವಿಂಚ್ ಕಂಬಕ್ಕೆ (ದೋಣಿ ಎಳೆದು ಕಟ್ಟೋ ರಾಟೆಯ ಕಂಬ) ಮುಟ್ಟಿರಲಿ, ಐಸ್ ಪೆಟ್ಟಿಗೆ ಆಕ್ಸಲ್‌ಗಿಂತ ಮುಂದಿರಲಿ. ಅಳೆಯೋಕೆ ಬಾತ್‌ರೂಮ್ ತೂಕದ ಯಂತ್ರ ಸಾಕು. ಸಮತಟ್ಟು ಜಾಗದಲ್ಲಿ ಕಪ್ಲರನ್ನು (ಚೆಂಡನ್ನು ಕಚ್ಚೋ ಟ್ರೇಲರಿನ ಬಾಯಿ) ಹಿಚ್ ಎತ್ತರದಲ್ಲೇ, ಯಂತ್ರದ ಮೇಲಿಟ್ಟ ಮರದ ತುಂಡಿನ ಮೇಲೆ ಕೂರಿಸಿ, ತುಂಡಿನ ತೂಕ ಕಳೆದುಬಿಡಿ.

ಇನ್ನು ಬ್ರೇಕು. ಮಿನೆಸೋಟದಲ್ಲಿ 3,000 ಪೌಂಡಿನ ಕೆಳಗಿನ ಟ್ರೇಲರಿಗೆ ಬ್ರೇಕ್ ಕಡ್ಡಾಯ ಅಲ್ಲ, ಹಾಗಾಗಿ ಸಣ್ಣ ದೋಣಿಯವರ ಹತ್ರ ಬಹುಪಾಲು ಇರೋದೇ ಇಲ್ಲ. ಎರಡರ ಭಾರವನ್ನೂ ನಿಮ್ಮ ಪುಟ್ಟ ಪಿಕಪ್ಪೇ ತಡೀಬೇಕು. ಎಳೆಯುತ್ತೆ, ಎಳೆಯುತ್ತೆ ಅಂತ ಭಜನೆ ಮಾಡೋರ‍್ಯಾರೂ ಇದನ್ನು ಕೇಳಿದ್ದು ನಾ ಕಾಣೆ.

"ಯೂರೋಪಿನಲ್ಲಿ ಸಣ್ಣ ಕಾರಲ್ಲೇ ಕ್ಯಾರವಾನ್ ಎಳೀತಾರಲ್ಲ" ಅಂತ ಒಬ್ರು ಬಂದೇ ಬರ‍್ತಾರೆ. ಎಳೀತಾರೆ, ಸರಿ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಮಾಮೂಲಿ ಮಿತಿ ಗಂಟೆಗೆ 80 ಕಿ.ಮೀ., ಅಂದರೆ ಸುಮಾರು 50 ಮೈಲಿ. ನೀವು ಇಲ್ಲಿ 75 ಮೈಲಿಯಲ್ಲಿ ಹಾರಿಸ್ತೀರಿ, ಟ್ರೇಲರ್ ಟೈರುಗಳಲ್ಲಿ ಎಷ್ಟೋ 65ಕ್ಕಷ್ಟೇ ಮಾಡಿದವು. ಮುಗೀತು ವಾದ.

ಚೆಂಡಿನ ಅಳತೆ ಕಪ್ಲರ್ ಮೇಲೇ ಅಚ್ಚಾಗಿರುತ್ತೆ, ಓದಿ. ಎರಡಿಂಚಿನ ಕಪ್ಲರ್ ಅದಕ್ಕಿಂತ ಚೂರು ಸಣ್ಣ ಚೆಂಡಿನ ಮೇಲೂ ಕಚ್ಚಿಕೊಂಡಂತೆ ನಾಟಕ ಮಾಡಿ, ಮುಂದಿನ ಹಂಪ್‌ನಲ್ಲಿ ಎಗರುತ್ತೆ. ಲಾಕ್ ಹಾಕಿದ ಮೇಲೆ ಟ್ರೇಲರ್ ಜ್ಯಾಕ್ ತಿರುಗಿಸಿ. ಗಾಡಿಯ ಹಿಂಭಾಗವೂ ಎದ್ದರೆ ಕಚ್ಚಿದೆ ಅಂತ ಅರ್ಥ. ಸೇಫ್ಟಿ ಚೈನ್ ಕೆಳಗಡೆ ಅಡ್ಡಡ್ಡ ಹಾಕಿ, ಕಪ್ಲರ್ ಕಳಚಿದ್ರೂ ಮೂತಿ ರಸ್ತೆಗೆ ಬೀಳಲ್ಲ.

ಟ್ರೇಲರ್ ಚಕ್ರದ ಬೇರಿಂಗ್ ವಿಷಯ ಮಾತ್ರ ನನ್ನ ಹತ್ರ ಎತ್ತಬೇಡಿ, ಸಿಟ್ಟು ಹತ್ತುತ್ತೆ. ನಾನೇ ಎತ್ತುತ್ತೀನಿ. ಓಡಿ ಕಾದ ಹಬ್ ಅನ್ನು (ಬೇರಿಂಗ್ ಕೂತಿರೋ ಚಕ್ರದ ನಡುಭಾಗ) ತಣ್ಣೀರಿಗೆ ಇಳಿಸಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರೆಳ್ಕೊಳ್ಳುತ್ತೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಬಿಚ್ಚಿ, ತೊಳೆದು, ಹೊಸಾ ಮರೈನ್ ಗ್ರೀಸ್ ತುಂಬಿ, ಸೀಲ್ ಬದಲಿಸಿ. ಗ್ರೀಸ್ ಗನ್ ಸಿಕ್ತು ಅಂತ ಸಿಕ್ಕಾಪಟ್ಟೆ ಒತ್ತಿದ್ರೆ ಹಿಂದಿನ ಸೀಲೇ ಕಿತ್ತು ಬರುತ್ತೆ. ದಾರಿಯಲ್ಲಿ ನಿಂತಾಗ ಹಬ್ ಮುಟ್ಟಿ ನೋಡಿ, ಕೈ ಇಡೋಕೆ ಆಗದಷ್ಟು ಸುಟ್ರೆ ಮುಂದೆ ಹೋಗ್ಬೇಡಿ.

ಪಿಕಪ್ ಕೊಳ್ಳೋಕೆ ಹೊರಟವರು ಬಾಗಿಲ ಸ್ಟಿಕ್ಕರಿನ ಫೋಟೋ ಕಾಮೆಂಟಲ್ಲಿ ಹಾಕಿ, ಕೂತು ಲೆಕ್ಕ ಮಾಡಿಕೊಡ್ತೀನಿ. ಬ್ರೋಷರ್ ಹಾಕಿದ್ರೆ ಡಿಲೀಟ್.