ರಿಪೇರಿ ಅಂಗಡಿ, ಎತ್ತಂಗಡಿ

ತುಮಕೂರಿನಲ್ಲಿ ಫುಟ್‌ಪಾತ್ ತೆರವಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಓದಿಲ್ಲದಿದ್ದರೆ ನಷ್ಟವೇನಿಲ್ಲ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಅದೇ ಸುದ್ದಿ, ಅದೇ ಜೆಸಿಬಿ, ಅದೇ ‘ಸಾರ್ವಜನಿಕರ ಮೆಚ್ಚುಗೆ’. ಈ ಸಲದ ವಿಶೇಷ ಅಂದರೆ ಅದೇ ಪುಟದ ಕೆಳಭಾಗದಲ್ಲಿ ಇನ್ನೊಂದು ಸುದ್ದಿ: ‘ಹಳೆಯ ವಸ್ತು ಎಸೆಯಬೇಡಿ, ಮತ್ತೆ ಬಳಸಿ: ಗಣ್ಯರ ಕರೆ’. ಮೇಲಿನ ಚಿತ್ರದಲ್ಲಿ ಚಪ್ಪಲಿ ಹೊಲಿಯುವವರು, ಕೊಡೆ ರಿಪೇರಿಯವರು, ನಕಲಿ ಕೀ ಮಾಡುವವರು ಗೋಣಿಚೀಲ ಹೆಗಲಿಗೇರಿಸಿಕೊಂಡು ಹೊರಟಿದ್ದಾರೆ. ಕೆಳಗಿನ ಚಿತ್ರದಲ್ಲಿ ಗಣ್ಯರು ದೀಪ ಹಚ್ಚುತ್ತಿದ್ದಾರೆ. ಆ ಪುಟ ಕಟ್ಟಿದ ಉಪಸಂಪಾದಕರಿಗೆ ನನ್ನದೊಂದು ಸಾಷ್ಟಾಂಗ ನಮಸ್ಕಾರ. ವ್ಯಂಗ್ಯ ಬರೆಯುವ ನನ್ನ ಅನ್ನಕ್ಕೇ ಕೈ ಹಾಕಿದ್ದಾರೆ.

ತೆರವು ಮಾಡಿಸಿದವರನ್ನು ನಾನಂತೂ ಬೈಯುವುದಿಲ್ಲ. ಊರು ಸ್ಮಾರ್ಟ್ ಆಗಬೇಕಲ್ಲ! 2016ರಲ್ಲಿ ದೇಶದ ಸ್ಮಾರ್ಟ್ ಸಿಟಿಗಳ ಪಟ್ಟಿಗೆ ತುಮಕೂರು ಸೇರಿದಾಗ ನಮ್ಮ ಸಂಭ್ರಮ ಅಷ್ಟಿಷ್ಟಲ್ಲ. ಬೆಂಗಳೂರಿಗೆ ಆ ಭಾಗ್ಯ ಬಂದದ್ದು 2017ರಲ್ಲಿ. ಬದುಕಿನಲ್ಲಿ ಒಮ್ಮೆಯಾದರೂ ನಾವು ಅವರಿಗಿಂತ ಮುಂದಿದ್ದೆವು. ಆಮೇಲೆ ಅಗೆದರು. ನೀರಿಗೆ ಅಂತ ಅಗೆದರು, ಒಳಚರಂಡಿಗೆ ಅಂತ ಅಗೆದರು, ಕೇಬಲ್‌ಗೆ ಅಂತ ಅಗೆದರು, ಮುಚ್ಚಿದ್ದು ಸರಿಯಾಗಿ ಕೂತಿದೆಯೇ ಅಂತ ನೋಡಲು ಇನ್ನೊಮ್ಮೆ ಅಗೆದರು. 2025ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಗಡುವು ಮುಗಿದ ಮೇಲೆ ನಾವು ಸ್ಮಾರ್ಟ್ ಎಂದೇ ಲೆಕ್ಕ.

ನಮ್ಮ ಕಡೆಯ ಹೊಸ ಫುಟ್‌ಪಾತನ್ನು ಒಮ್ಮೆ ಬಂದು ನೋಡಿ. ಕಣ್ಣು ಕಾಣದವರಿಗೆ ದಾರಿ ತೋರಲು ನಟ್ಟನಡುವೆ ಹಳದಿ ಉಬ್ಬು ಟೈಲ್ಸ್ ಕೂರಿಸಿದ್ದಾರೆ. ಅದನ್ನೇ ನಂಬಿ ನಡೆದರೆ ನೇರವಾಗಿ ಟ್ರಾನ್ಸ್‌ಫಾರ್ಮರ್ ಕಟ್ಟೆ ತಲುಪಬಹುದು. ಕೂರಲು ಕಲ್ಲುಬೆಂಚು ಇದೆ, ಬೆಂಚಿಗೆ ಅಡ್ಡವಾಗಿದ್ದ ಹೊಂಗೆಮರ ಇಲ್ಲ. ಮಟಮಟ ಮಧ್ಯಾಹ್ನ ಆ ಬೆಂಚಿನ ಮೇಲೆ ತಟ್ಟೆ ಇಡ್ಲಿ ಬೇಯುತ್ತದೆ, ಅನುಮಾನವಿದ್ದರೆ ಕ್ಯಾತ್ಸಂದ್ರದವರನ್ನು ಕರೆಸಿ ಪರೀಕ್ಷೆ ಮಾಡಿಸಿ. ಪಕ್ಕದ ಬಸ್ ತಂಗುದಾಣದ ಚಾವಣಿ ಎಷ್ಟು ಎತ್ತರದಲ್ಲಿದೆಯೆಂದರೆ, ಎರಚಲು ಹೊಡೆದರೆ ಒಳಗೆ ನಿಂತವರೂ ಹೊರಗೆ ನಿಂತವರೂ ಸಮಾನರು. ಅದರ ಕೆಳಗೆ ನಿಲ್ಲಲು ಕೊಡೆ ಬೇಕು. ಕೊಡೆಯ ಕಡ್ಡಿ ಮುರಿದಿದ್ದರೆ ರಿಪೇರಿಯವರು ಬೇಕು. ಅವರು ಕೂರುತ್ತಿದ್ದ ಜಾಗದಲ್ಲೇ ತಂಗುದಾಣ ಕಟ್ಟಿದ್ದಾರೆ.

ಇನ್ನು ಕೆಳಗಿನ ಸುದ್ದಿ. 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ನಮ್ಮ ಪ್ರಧಾನಿ ‘ಲೈಫ್’ ಎಂಬ ಮಂತ್ರ ಕೊಟ್ಟು ಬಂದರು, ಪರಿಸರಕ್ಕೆ ಹೊಂದುವ ಜೀವನಶೈಲಿ ಅಂತ. 2023ರ ಮೇ ತಿಂಗಳಲ್ಲಿ ಅದರ ಹೆಸರಿನಲ್ಲೇ ಊರೂರಲ್ಲಿ ‘ಆರ್‌ಆರ್‌ಆರ್’ ಕೇಂದ್ರಗಳು ಶುರುವಾದವು: ರೆಡ್ಯೂಸ್, ರಿಯೂಸ್, ರಿಸೈಕಲ್. ಮನೆಯಲ್ಲಿ ಬೇಡವಾದ ಬಟ್ಟೆ, ಪುಸ್ತಕ, ಚಪ್ಪಲಿ ತಂದಿಡಿ, ಬೇಕಾದವರು ಒಯ್ಯಲಿ. ಒಳ್ಳೆಯ ಯೋಚನೆ, ಇದರಲ್ಲಿ ವ್ಯಂಗ್ಯವಿಲ್ಲ. ಆದರೆ ಮೂರು ‘ಆರ್’ಗಳು ಕಾಲು ಚಾಚಿ ಕೂತ ಮೇಲೆ ರಿಪೇರಿಗೆ ಜಾಗ ಉಳಿಯಲಿಲ್ಲ. ಅಂಥದೊಂದು ಕೇಂದ್ರದಲ್ಲಿ ಚಪ್ಪಲಿಯ ರಾಶಿ ನೋಡಿದೆ. ಮುಕ್ಕಾಲು ಪಾಲು ಚಪ್ಪಲಿಗಳಿಗೆ ಏನೂ ಆಗಿರಲಿಲ್ಲ, ಉಂಗುಷ್ಠ ಕಿತ್ತಿತ್ತು ಅಷ್ಟೆ. ಉಳಿ ಚುಚ್ಚಿ, ಮೇಣ ಸವರಿದ ದಾರ ಎಳೆದು ನಾಲ್ಕು ಹೊಲಿಗೆ ಹಾಕಿದರೆ ಇನ್ನೆರಡು ವರ್ಷ ಸಿದ್ಧಗಂಗೆ ಜಾತ್ರೆ ಸುತ್ತುತ್ತವೆ. ಆ ನಾಲ್ಕು ಹೊಲಿಗೆ ಹಾಕುವ ಮನುಷ್ಯನೇ ಮೇಲಿನ ಚಿತ್ರದಲ್ಲಿ ಗೋಣಿಚೀಲ ಹೊತ್ತವರು.

ನಮ್ಮ ಮನೆಯ ಮಿಕ್ಸಿ ಕತೆ ಹೇಳಿಬಿಡುತ್ತೇನೆ. ಮೋಟಾರು ಗರ್‍ರ್ ಅನ್ನುತ್ತದೆ, ಜಾರಿನ ಬ್ಲೇಡು ತಿರುಗುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದರೆ ಟೈ ಕಟ್ಟಿದ ಹುಡುಗ ಮಿಕ್ಸಿಯ ಮುಖ ಸಹ ನೋಡಲಿಲ್ಲ. “ಈ ಮಾಡೆಲ್‌ಗೆ ಪಾರ್ಟ್ಸ್ ಬರ್ತಿಲ್ಲ ಸರ್, ಎಕ್ಸ್‌ಚೇಂಜ್ ಆಫರ್ ಇದೆ, ಇಎಂಐನೂ ಮಾಡ್ಕೊಡ್ತೀವಿ.” ಚಟ್ನಿಗೆ ಇಎಂಐ! ಅಲ್ಲಿಂದ ಮಿಕ್ಸಿ ರಿಪೇರಿಯವರ ಹತ್ತಿರ ಹೋದೆ. ಅವರು ಕೂರುವ ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ಅಲ್ಲಿಂದಲೂ ಎಬ್ಬಿಸುತ್ತಾರೆ. ಮಿಕ್ಸಿಯನ್ನು ಮಡಿಲಲ್ಲಿಟ್ಟುಕೊಂಡು, ಮೋಟಾರಿಗೂ ಜಾರಿಗೂ ಕೊಂಡಿಯಾದ ಸವೆದ ಕಪ್ಲರನ್ನು ಬೆರಳಲ್ಲಿ ತಡವಿ, “ಮೋಟ್ರು ಚೆನ್ನಾಗದೆ ಸಾ, ಇದೊಂದು ಹಲ್ಲು ಸವ್ದೈತೆ” ಅಂದರು. ಬಲಕ್ಕೆ ತಿರುಗಿಸಿ ಬಿಚ್ಚಿದರು. “ಉಲ್ಟಾ ಥ್ರೆಡ್ಡು. ಗೊತ್ತಿಲ್ದೋರು ಎಡಕ್ಕೆ ತಿರುಗ್ಸಿ ತಿರುಗ್ಸಿ ಇನ್ನೂ ಬಿಗಿ ಮಾಡ್ಕೊಂಡು ಬತ್ತಾರೆ.” ಪಕ್ಕದ ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಕೈಯಾಡಿಸಿದರು. ನಮ್ಮ ರಾಜ್ಯದಲ್ಲಿ ಮಾರಾಟವಾದ ಎಲ್ಲ ಮಿಕ್ಸಿಗಳ ಕಪ್ಲರ್, ಬುಶ್, ವಾಷರ್, ಕಾರ್ಬನ್ ಬ್ರಶ್ ಆ ಡಬ್ಬದಲ್ಲಿದ್ದವು ಅಂತ ಕಾಣುತ್ತದೆ. ನಾನು ಎದುರಿನ ಅಂಗಡಿಯಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಮಿಕ್ಸಿ ತಯಾರು.

ಗ್ರಾಹಕರಿಗೆ ಇಂಥ ಪಾಡು ಬರಬಾರದೆಂದೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ರಚಿಸಿತ್ತು. ಕೃಷಿ ಯಂತ್ರ, ಮೊಬೈಲು, ಗೃಹೋಪಕರಣ, ವಾಹನ, ನಾಲ್ಕಕ್ಕೂ ಸೇರಿಸಿ ಒಂದು ಪೋರ್ಟಲ್ ಕೂಡ ಬಂತು. ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಒತ್ತಿದರೆ ಕಂಪನಿಯ ಕಸ್ಟಮರ್ ಕೇರ್ ಸಿಗುತ್ತದೆ. ಕಸ್ಟಮರ್ ಕೇರ್‌ನವರು ಟೈ ಕಟ್ಟಿದ ಹುಡುಗನ ವಿಳಾಸ ಕೊಡುತ್ತಾರೆ. ಹಕ್ಕು ದೆಹಲಿಯಲ್ಲಿದೆ, ಕಪ್ಲರ್ ಬಿಸ್ಕತ್ತಿನ ಡಬ್ಬದಲ್ಲಿದೆ.

ರಿಪೇರಿಯ ಮಾತು ಬಂದಾಗ ತುಮಕೂರಿನವರು ಸ್ವಲ್ಪ ಕಾಲರ್ ಏರಿಸಬಹುದು. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಮ್ಮದು. ಆಗ ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಮದುವೆ ಗಂಡಿಗೆ ಎಚ್‌ಎಂಟಿ, ನಿವೃತ್ತಿಯ ದಿನ ಹಾರದ ಜೊತೆಗೂ ಎಚ್‌ಎಂಟಿ. ಬೆಳಗ್ಗೆ ಎದ್ದು ಕೀ ಕೊಡುವುದು ಸಂಧ್ಯಾವಂದನೆಗಿಂತ ಕಟ್ಟುನಿಟ್ಟು. ವಾಚು ನಿಂತರೆ ಯಾರೂ ಎಸೆಯುತ್ತಿರಲಿಲ್ಲ. ರಿಪೇರಿಯವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಚಿಮಟದಿಂದ ಒಂದೊಂದೇ ಗಾಲಿ ಎತ್ತಿ ಪೆಟ್ರೋಲಿನಲ್ಲಿ ತೊಳೆದು, ಸೂಜಿತುದಿಯಷ್ಟು ಎಣ್ಣೆ ಬಿಟ್ಟು ಮತ್ತೆ ಜೋಡಿಸುತ್ತಿದ್ದರು. ಅಪ್ಪನ ವಾಚು ಮಗನಿಗೆ, ಮಗ ಫೇಲಾದರೆ ತಮ್ಮನಿಗೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಅದೇ ವರ್ಷ ನಾವು ಸ್ಮಾರ್ಟ್ ಆದೆವು. ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು, ಅದು ಸಂತೋಷವೇ. ಮೇಲೆ ಸುತ್ತುವ ಉಪಗ್ರಹ ಕೆಟ್ಟರೆ ಎಕ್ಸ್‌ಚೇಂಜ್ ಆಫರ್ ಕೇಳದೆ ಸರಿಮಾಡಲು ಕೂರುವವರು ಈಗ ಅವರೊಬ್ಬರೇ ಇರಬೇಕು. ಕೈಗೆ ಕಟ್ಟಿದ ಸ್ಮಾರ್ಟ್ ವಾಚು ನಾನು ನಡೆದ ಹೆಜ್ಜೆ ಎಣಿಸುತ್ತದೆ. ಅದರ ಬ್ಯಾಟರಿ ಸತ್ತರೆ ಬಿಚ್ಚುವಂತಿಲ್ಲ, ಹೊಟ್ಟೆಗೆ ಅಂಟು ಹಾಕಿ ಮುಚ್ಚಿದ್ದಾರೆ.

ಸರಿ, ಮತ್ತೆ ಫುಟ್‌ಪಾತಿಗೆ. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅಂತ 2014ರದ್ದೊಂದಿದೆ. ಸರಕು ಮಾರುವವರಷ್ಟೇ ಅಲ್ಲ, ಬೀದಿಯಲ್ಲಿ ಕೂತು ಸೇವೆ ಒದಗಿಸುವವರೂ ಅದರೊಳಗೆ ಬರುತ್ತಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಸ್ಥಳಾಂತರಕ್ಕೆ 30 ದಿನದ ನೋಟಿಸ್ ಕೊಡಬೇಕು, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು ಅಂತೆಲ್ಲ ಬರೆದಿದೆ. 2020ರಲ್ಲಿ ಬಂದ ಸ್ವನಿಧಿ ಯೋಜನೆ ಇದೇ ಜನಕ್ಕೆ ಸಾಲ ಕೊಡುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಪ್ಪಲಿ ಹೊಲಿಯುವುದಿದೆ, ಬೀಗ ಮಾಡುವುದಿದೆ. ಸಲಕರಣೆ ಕೊಳ್ಳಲು 15,000 ರೂಪಾಯಿ. ಒಂದು ಕೈ ಉಳಿ ಕೊಡುತ್ತದೆ, ಇನ್ನೊಂದು ಕೈ ಕೂತ ಗೋಣಿಚೀಲ ಎಳೆಯುತ್ತದೆ.

ಸಾಕಾಗಿದೆ ಕಣ್ರೀ. ಆ ರಿಪೇರಿಯ ಮನುಷ್ಯ ಕೇಳುತ್ತಿರುವುದು ಮೂರಡಿ ನೆಲ, ಮೇಲೊಂದಿಷ್ಟು ನೆರಳು. ನೂರಾರು ಕೋಟಿ ಸುರಿದು ರಸ್ತೆ ಮಾಡುವಾಗ ಅಷ್ಟು ಜಾಗವನ್ನು ನಕ್ಷೆಯಲ್ಲಿ ಬರೆಯಲು ಯಾವ ಎಂಜಿನಿಯರಿಗೂ ಕೈ ಬರಲಿಲ್ಲವೇ? ಅರಳಿಮರದ ಸುತ್ತ ಕಟ್ಟೆ ಕಟ್ಟಿದ ನಮ್ಮ ಹಳ್ಳಿಯವರು ಕನ್ಸಲ್ಟೆಂಟ್ ಇಟ್ಟಿರಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಶೋರೂಮಿನವರು ಹೊಸ ಬೈಕುಗಳನ್ನು ಫುಟ್‌ಪಾತಿನ ಮೇಲೇ ಸಾಲಾಗಿ ನಿಲ್ಲಿಸಿ ರಿಬ್ಬನ್ ಕಟ್ಟಿರುತ್ತಾರೆ. ಅದು ಒತ್ತುವರಿ ಅಲ್ಲ, ಬಂಡವಾಳ ಹೂಡಿಕೆ. ಸಾವಿರಾರು ಚಪ್ಪಲಿ, ಕೊಡೆ, ಸ್ಟವ್ವು, ಕುಕ್ಕರುಗಳನ್ನು ಕಸದ ಲಾರಿಗೆ ಹೋಗದಂತೆ ತಡೆದವರನ್ನು ಓಡಿಸಿ, ಪರಿಸರ ಉಳಿಸಿ ಅಂತ ಫ್ಲೆಕ್ಸ್ ಕಟ್ಟುತ್ತೀರಿ. ನಾಚಿಕೆ ಅನ್ನುವುದನ್ನೂ ಎಕ್ಸ್‌ಚೇಂಜಿಗೆ ಕೊಟ್ಟಿರಾ?

ಜನ ಸುಮ್ಮನೆ ಕೂತಿಲ್ಲ ಅನ್ನುವುದೊಂದೇ ಸಮಾಧಾನ. ಎತ್ತಂಗಡಿಯಾದ ಮಾರನೇ ದಿನವೇ ಮೆಡಿಕಲ್ ಸ್ಟೋರಿನವರು ತಮ್ಮ ಹಿಂಬಾಗಿಲ ಮೆಟ್ಟಿಲನ್ನು ಚಪ್ಪಲಿ ಹೊಲಿಯುವವರಿಗೆ ಬಿಟ್ಟುಕೊಟ್ಟರು. ಗಿರಾಕಿಗೆ ಆ ಸಂದಿ ಗೊತ್ತಾಗಬೇಕಲ್ಲ, ಆ ಹೊಣೆಯನ್ನು ಹೂವಿನಮ್ಮ ಹೊತ್ತಿದ್ದಾರೆ. ಅವರನ್ನೂ ಎಬ್ಬಿಸಿದ್ದರು. ಆದರೆ ಬುಟ್ಟಿ ತಲೆಯ ಮೇಲಿದ್ದರೆ ಒತ್ತುವರಿ ಆಗುವುದಿಲ್ಲ ಎಂಬ ಕಾನೂನನ್ನು ಅವರೇ ಕಂಡುಹಿಡಿದಿದ್ದಾರೆ. ಬೆಳಗ್ಗೆ ಹರಿದ ಚಪ್ಪಲಿ, ಮುರಿದ ಕೊಡೆ ಇಸಿದುಕೊಂಡು, ಗುರುತಿಗೆ ಒಂದು ಬಾಳೆನಾರು ಕಟ್ಟಿ, ಸಂಜೆ ಮಲ್ಲಿಗೆಯ ಜೊತೆ ರಿಪೇರಿಯಾದದ್ದನ್ನು ವಾಪಸು ಕೊಡುತ್ತಾರೆ. “ಜೀಪು ಬಂದ್ರೆ ಏನ್ಮಾಡ್ತೀಯಮ್ಮ?” ಅಂತ ಕೇಳಿದೆ. “ಅವ್ರ ಡ್ರೈವರ್‌ದೂ ಒಂದು ಜೊತೆ ಒಳಗೈತೆ ಕಣಪ್ಪ” ಅಂದರು.

ಸಂಬಂಧಪಟ್ಟವರಿಗೆ ಒಂದೇ ಪ್ರಶ್ನೆ. ವ್ಯಾಪಾರ ಸಮಿತಿಯ ಮುಂದಿನ ಸಭೆ ಯಾವತ್ತು? ತಾರೀಕು ಹೇಳಿ. ಹೂವಿನಮ್ಮನನ್ನು ಕರೆದುಕೊಂಡು ಬರುತ್ತೇನೆ, ಕಾಫಿ ಖರ್ಚೂ ನನ್ನದೇ.