ಸತ್ಯಾಂಶ: ಆರ್ಗ್ಯಾನಿಕ್ ಸೋಲಾರ್ ಎಂದರೆ ಗಿಡದ ರಸದ ಬಣ್ಣವಲ್ಲ

“ಗಿಡದ ರಸದಿಂದ ಮಾಡಿದ ಆರ್ಗ್ಯಾನಿಕ್ ಸೋಲಾರ್ ಬಣ್ಣ ಗೋಡೆಗೆ ಬಳಿದರೆ ಸಾಕು, ಮನೆಗೆಲ್ಲ ಕರೆಂಟು” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಇಲ್ಲಿ ಆರ್ಗ್ಯಾನಿಕ್ ಎಂದರೆ ಸಾವಯವ ಗೊಬ್ಬರದ ಸಾವಯವವಲ್ಲ; ಲ್ಯಾಬಿನಲ್ಲಿ ಹಲವು ಹಂತಗಳಲ್ಲಿ ತಯಾರಿಸುವ, ಇಂಗಾಲ ಆಧಾರಿತ ಅಣುಗಳು. ಉದಾಹರಣೆಗೆ, ಪಿಎಂ6 ಎಂಬ ಪಾಲಿಮರ್ (ಸರಪಳಿಯಂಥ ಉದ್ದ ಅಣು) ಎಲೆಕ್ಟ್ರಾನ್ ಕೊಡುತ್ತದೆ, ವೈ6 ಎಂಬ ಇನ್ನೊಂದು ಅಣು ಪಡೆಯುತ್ತದೆ. ಎರಡನ್ನೂ 1:1.2 ತೂಕದಲ್ಲಿ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಸುಮಾರು 100 ನ್ಯಾನೋಮೀಟರ್ ದಪ್ಪದ ಪದರವಾಗಿ ಹರಡುತ್ತಾರೆ.

ಕಷ್ಟವಿರುವುದು ಈ ಪದರದಲ್ಲೇ. ಬೆಳಕು ಬಿದ್ದಾಗ ಹುಟ್ಟುವ ಎಕ್ಸಿಟಾನ್ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಹೆಚ್ಚೆಂದರೆ ಹತ್ತಾರು ನ್ಯಾನೋಮೀಟರ್ ಸಾಗಿ ನಶಿಸುತ್ತದೆ. ಅಷ್ಟರೊಳಗೆ ಅದಕ್ಕೆ ಎರಡು ವಸ್ತುಗಳ ಗಡಿ ಸಿಗಬೇಕು, ಅಲ್ಲೇ ಆ ಜೋಡಿ ಬೇರ್ಪಟ್ಟು ವಿದ್ಯುತ್ತಾಗುವುದು. ಮಿಶ್ರಣ ಗಂಟುಗಟ್ಟಿದರೆ ಗಡಿ ಸಿಗದು. ಅತಿ ನುಣ್ಣಗೆ ಬೆರೆತರೆ ಬೇರ್ಪಟ್ಟ ವಿದ್ಯುದಂಶಗಳು ಮತ್ತೆ ಕೂಡಿಬಿಡುತ್ತವೆ. ಬ್ರಷ್ಷಿನಿಂದ ಈ ಹದ ಬಾರದು. ಮೇಲೆ ಕೆಳಗೆ ವಿದ್ಯುತ್ತನ್ನು ಹೊರತರುವ ಎಲೆಕ್ಟ್ರೋಡುಗಳೂ ಬೇಕು, ಬೆಳಕು ಒಳಬರಲು ಒಂದಾದರೂ ಪಾರದರ್ಶಕವಾಗಿರಬೇಕು.

2019ರಲ್ಲಿ ವೈ6 ಪ್ರಕಟವಾದಾಗ ಬೆಳಕನ್ನು ವಿದ್ಯುತ್ತಾಗಿಸುವ ದಕ್ಷತೆ ಶೇ 15.7, ಈಗ ಲ್ಯಾಬಿನಲ್ಲಿ ಶೇ 19 ದಾಟಿದೆ. ನಿಜಕ್ಕೂ ದೊಡ್ಡ ಸಾಧನೆ! ಆದರೆ ಇಂಥ ದಾಖಲೆಗಳು ಹೆಚ್ಚಾಗಿ ಉಗುರಿಗಿಂತ ಚಿಕ್ಕ ಸೌರಕೋಶಗಳವು. ಆಮ್ಲಜನಕ, ತೇವ, ಅತಿನೇರಳೆ ಕಿರಣ ತಾಗಿದರೆ ಅಣುಗಳು ಕೆಡುತ್ತವೆ, ಗಾಳಿಯಾಡದಂತೆ ಮುಚ್ಚಲೇಬೇಕು.

ಭಾರ ತಾಳದ ಶೀಟು ಚಾವಣಿ, ಕಿಟಕಿ ಗಾಜುಗಳಿಗೆ ಇಂಥ ಕೋಶಗಳ ಹಗುರ ಹಾಳೆ ಒಪ್ಪುತ್ತದೆ. ಮನೆಯ ತಾರಸಿಗೆ ಇವತ್ತು ಹಾಕಿಸುವುದಾದರೆ ಸಿಲಿಕಾನ್ ಪ್ಯಾನೆಲೇ ಸರಿ.